ಅರ್ಧ ಬೆರಳು

ಸುಂಟಿಕೊಪ್ಪದ ಆ ಓಣಿಯಿಂದ
ದೇಚಮ್ಮನ ಮನೆಗೆ ಹದಿನಾಲ್ಕು ಮೆಟ್ಟಿಲು.
ಮೆಟ್ಟಿಲ ಪಕ್ಕದಲ್ಲೇ, ನೆಲಕ್ಕೆ ಸಮನಾಗಿ ನೆಲಮಾಳಿಗೆ:
ಮೂರು ಕಡೆ ಮಣ್ಣು, ಒಂದು ಕಡೆ ಬೆಳಕು.
ಮೊನ್ನೆಯವರೆಗೂ ಮೆಣಸಿನ ಚೀಲ ಮಲಗಿದ್ದ ಜಾಗ;
ಈಗಲೂ ಗರಗಸ ಎಳೆದರೆ ಸೀನು,
ನನಗೂ, ಸುಹೈಲನಿಗೂ.

ನಾಲ್ಕು ಬಾಗಿಲಿಗೆ ಒಪ್ಪಂದ.
ದಾರಂದಕ್ಕೆ ಹಲಸು, ಹಲಗೆಗೆ ಸಿಲ್ವರ್ ಓಕ್,
ತೋಟದಲ್ಲೇ ಕಡಿದದ್ದು, ಒಣಗಿದ್ದು ಸಾಲದು.
ಅವಸರದ ಮರ ಹೊಸ ಅಳಿಯನಂತೆ,
ಕೂರಿಸಿದ ಕಡೆ ಕೂರುವುದಿಲ್ಲ.
ನೆಲವೂ ಮಟ್ಟವಿಲ್ಲ. ರಸಮಟ್ಟದ ಗುಳ್ಳೆ
ಗುಡ್ಡದ ಕಡೆಗೇ ಓಡುತ್ತದೆ.
ತೂಗುಗುಂಡು ಇಳಿಬಿಟ್ಟು, ಉಸಿರು ಬಿಗಿಹಿಡಿದು
ಗೋಡೆ ಎಷ್ಟು ಸುಳ್ಳು ಹೇಳಿದೆಯೆಂದು
ಗೋಡೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿಟ್ಟೆ.

ಜಗಳ ಶುರುವಾದದ್ದು ಹೊಸ್ತಿಲಿಗೆ.

ಅಪ್ಪ ನನಗೆ ಕಲಿಸಿದ್ದು ಮೂರು ಬೆರಳೆತ್ತರ:
ಒಂದು ನೀರಿಗೆ, ಒಂದು ಹಾವಿಗೆ,
ಇನ್ನೊಂದು ಯಾಕೆಂದು ಕೇಳಿದ್ದಕ್ಕೆ
ಉಳಿಯ ಹಿಡಿಯಲ್ಲಿ ತಲೆಗೆ ಮೊಟಕಿದ್ದ.
ದೇಚಮ್ಮನಿಗೂ ಮೂರು ಬೆರಳೇ ಬೇಕು.
"ಅರಿಶಿನ ಹಚ್ಚಲು ಜಾಗ ಬೇಡವಾ?
ಹೊಸ್ತಿಲಿಲ್ಲದ್ದು ಮನೆಯಾ, ಕೊಟ್ಟಿಗೆಯಾ?"

ಆಗ ಮೇದಪ್ಪ ಗಾಲಿಕುರ್ಚಿ ತಿರುಗಿಸಿದ.
ಅವಳ ತಮ್ಮ. ಎರಡು ವರ್ಷದ ಹಿಂದೆ
ಮೆಣಸಿನ ಏಣಿಯ ಹನ್ನೊಂದನೇ ಗಣೆಯಲ್ಲಿ
ಇದ್ದವನು, ಆಮೇಲೆ ಇರಲಿಲ್ಲ.
ಇನ್ನು ಈ ನೆಲಮಾಳಿಗೆಯೇ ಅವನ ಮನೆ,
ಕೆಟ್ಟ ಮಿಕ್ಸಿ, ಸ್ಪ್ರೇ ಪಂಪು ರಿಪೇರಿಯ ಅಂಗಡಿ.
ಮಾತಾಡಲಿಲ್ಲ. ನಾನು ನೆಲಕ್ಕಿಟ್ಟಿದ್ದ
ಹೊಸ್ತಿಲ ತುಂಡಿಗೆ ಕುರ್ಚಿ ಹತ್ತಿಸಲು ನೋಡಿದ.
ಮುಂದಿನ ಚಿಕ್ಕ ಗಾಲಿ ಮುಟ್ಟಿ ನಿಂತಿತು.
ಹಿಂದೆ ಸರಿದ. ಮತ್ತೆ ಬಂದ. ಮತ್ತೆ ನಿಂತಿತು.
ಮೂರನೇ ಸಲ ಸುಹೈಲ್ ಕೈಕೊಡಲು ಹೋದ;
"ರಾತ್ರಿ ಎರಡು ಗಂಟೆಗೂ ಬರ್ತೀಯೇನೋ?" ಎಂದ,
ನಗುತ್ತಲೇ.

ಚಾ ತರುತ್ತೇನೆಂದು ಮೇಲೆ ಹೋದ ದೇಚಮ್ಮ
ತುಂಬ ಹೊತ್ತು ಇಳಿಯಲಿಲ್ಲ.

ಉಜ್ಜುಗೊರಡು ತೆಗೆದೆ.
ಸುರುಳಿ ಸುರುಳಿಯಾಗಿ ಅಪ್ಪನ ಒಂದು ಬೆರಳು ಹೋಯಿತು,
ಹಾವಿನದು. ಆಮೇಲೆ, ಕಾರಣ ಹೇಳದೆ ಹೋದದ್ದು.
ನೀರಿನ ಬೆರಳಲ್ಲಿ ಅರ್ಧ ಉಳಿಸಿದೆ,
ಅದಕ್ಕೂ ಎರಡು ಬದಿ ಇಳಿಜಾರು,
ಸವರಿದರೆ ಕೈಗೆ ಆಮೆಯ ಬೆನ್ನು.
ನೀರಿಗೆ ಬೇರೆ ದಾರಿ ಕೊಟ್ಟೆ: ಗಾರೆಯಲ್ಲಿ
ಕಿರುಬೆರಳಗಲದ ಕಾಲುವೆ, ಓಣಿಯವರೆಗೆ.
ಜೂನಿನಲ್ಲಿ ಅದು ನನ್ನ ಮಾತು ಕೇಳುತ್ತದೋ ಇಲ್ಲವೋ.
ಬಾಗಿಲ ಅಡಿಗೆ ಹಳೆಯ ಐದು ರೂಪಾಯಿ ದಪ್ಪದ ಸಂದು,
ಉಬ್ಬುವ ಮರ ಉಸಿರಾಡಲಿ ಎಂದು.
ನಾಣ್ಯ ತೂರಿಸಿ ನೋಡಿದೆ; ಆಚೆ ಜಾರಿದ್ದು
ಇನ್ನೂ ಸಿಕ್ಕಿಲ್ಲ.

ಮೂರು ಬಾಗಿಲು ಹೀಗೆ. ನಾಲ್ಕನೆಯದು ಹಿಂದಿನದು.
ಅದರಾಚೆ ಕೋಣೆಯಿಲ್ಲ, ಅರ್ಧ ಅಗೆದು ಬಿಟ್ಟ ಗುಡ್ಡ,
ಕೆಂಪು ಮಣ್ಣಿನಿಂದ ಹೊರಚಾಚಿದ
ಯಾವುದೋ ಮರದ ಬೇರು, ಬೆಳ್ಳಗೆ.
"ಕೋಣೆ ಮುಂದೆ ಆಗ್ತದೆ, ಬಾಗಿಲು ಮೊದಲು ಇರಲಿ"
ಎಂದಿದ್ದಳು ದೇಚಮ್ಮ. ಇಂಥ ಬಾಗಿಲು
ಯಾವ ಕಡೆಗೆ ತೆರೆಯಬೇಕು?
ಗುಡ್ಡ ತಳ್ಳಿದರೆ ಬಿಗಿಯುವ ಹಾಗೋ, ಬಿಟ್ಟುಕೊಡುವ ಹಾಗೋ?
ಬಿಜಾಗರಿ ಹಿಡಿದುಕೊಂಡೇ ಊಟದ ಹೊತ್ತು ಕಳೆದೆ.

ಚಾ ಬಂತು, ತಣ್ಣಗೆ. ಜೊತೆಗೆ ಬಟ್ಟಲಲ್ಲಿ ಅರಿಶಿನ.
ದೇಚಮ್ಮ ಬಗ್ಗಿ, ಏನೂ ಹೇಳದೆ ಹಚ್ಚಿದಳು;
ಅರ್ಧ ಬೆರಳಿನಲ್ಲೂ ಜಾಗ ಸಾಕಾಯಿತು.
ಒಣಗುವ ಮೊದಲೇ ದಾಟಿ ಬಂದ ಮೇದಪ್ಪ
ಸಿಮೆಂಟಿನ ಮೇಲೆ ಎರಡು ಹಳದಿ ಗೆರೆ ಎಳೆದು
ನನ್ನ ಪಕ್ಕ, ಗುಡ್ಡದ ಎದುರು ನಿಂತ.
"ಒಳಕ್ಕೇ ತೆರೆಯಲಿ," ಎಂದ.
"ಬರುವವರಿಗೆ ತಳ್ಳೋದು ಸುಲಭ."

ಮೂರು ತಿರುಪು ಬಿಗಿದೆ.
ನಾಲ್ಕನೆಯದಕ್ಕೆ ಕೊರೆಯುವಾಗ ಕರೆಂಟು ಹೋಯಿತು.
ಕತ್ತಲಲ್ಲಿ ಕುರ್ಚಿ ತಿರುಗಿ, ಹೊಸ್ತಿಲು ದಾಟಿದ ಸದ್ದು:
ಟಕ್. ಅಷ್ಟೇ.