ಎರಡನೆಯದು ಬರುವ ಮೊದಲು

ಬೆಳಗಿನ ನಾಲ್ಕೂವರೆಗೆ
ಮೀಟರಿನ ಮುಳ್ಳು ಕುಸಿದು ಮಲಗಿತ್ತು.
ತಾಂಡಾದ ನಲವತ್ತೊಂದು ಮನೆಗಳ ದೀಪ
ಒಂದೂ ಮಿಣುಕಿರಲಿಲ್ಲ.
ಹಿಟ್ಟಿನ ಗಿರಣಿ ನಿದ್ದೆಯಲ್ಲಿ, ಬ್ಯಾಟರಿ ಅರ್ಧ ಹೊಟ್ಟೆಯಲ್ಲಿ,
ಎಚ್ಚರ ನಾನೊಬ್ಬಳೇ.
ಲಿಂಗಸುಗೂರಿನಿಂದ ಹನ್ನೆರಡು ಮೈಲಿ, ಬಂಡೆಯ ಮಗ್ಗುಲಿಗೆ
ತಗಡಿನ ಕೋಣೆ,
ಒಳಗೆ ಮುನ್ನೂರ ಎಂಬತ್ತು ವೋಲ್ಟು.

ಕಲಿಸಿದವರು ಮೆಹಬೂಬಸಾಬರು,
ಕಂಬ ಹತ್ತಿ ಹತ್ತಿ ಮೊಣಕಾಲು ಸವೆಸಿಕೊಂಡವರು.
"ನಮ್ಮ ಹಳೀ ಕರೆಂಟು, ತಂಗಿ,
ಸೆಕೆಂಡಿಗೆ ನೂರು ಸಲ ಸೊನ್ನಿಗೆ ಬಂದು ಉಸಿರು ತಗೊಂತದ.
ಕಿಡಿ ಹತ್ತಿದ್ರೂ ಆ ಸಂದಿನಾಗ ಆರತದ.
ಇದಕ್ಕ ಸೊನ್ನಿನೇ ಇಲ್ಲ ನೋಡು.
ತಂತಿ ಹರಿದ್ರ, ಹರಿದ ಎರಡೂ ಬಾಯಿ ನಡುವ
ನೀಲಿ ಸೇತುವೆ ಕಟ್ಟಿ ನಿಂತುಬಿಡತದ.
ತಾಮ್ರ ತಿಂತದ. ಬಿಡು ಅಂದ್ರ ಬಿಡಂಗಿಲ್ಲ."
ಆಮೇಲೆ ಬ್ರೇಕರ್ ಬಿಚ್ಚಿ ತೋರಿಸಿದ್ದರು:
ಅಯಸ್ಕಾಂತ, ಪದರ ಪದರ ತಗಡು,
ಕಿಡಿಯನ್ನು ಒಳಗೆಳೆದು ಸೀಳಿ ತಣಿಸುವ
ಹಲ್ಲುಗಳ ಬಾಯಿ.

ಇವತ್ತಿನದು ಕಿಡಿಯಲ್ಲ.
ತಂತಿಗೂ ನೆಲಕ್ಕೂ ನಡುವೆ ಎಲ್ಲೋ ಪಿಸುಮಾತು.
ಒಂದು ತಂತಿ ಮಣ್ಣು ಮುಟ್ಟಿದರೆ
ಏನೂ ಆಗುವುದಿಲ್ಲ. ಭಯ ಅದೇ.
ಫ್ಯಾನು ತಿರುಗುತ್ತದೆ, ಕೂಸು ಮಲಗುತ್ತದೆ,
ಯಾರೂ ಬಂದು ಹೇಳುವುದಿಲ್ಲ.
ಇನ್ನೊಂದು ತಂತಿಯೂ ಮುಟ್ಟಿದ ದಿನ
ರೆಪ್ಪೆ ಅರ್ಧ ಮುಚ್ಚುವಷ್ಟರಲ್ಲಿ
ಇಡೀ ಬ್ಯಾಟರಿ ಅಲ್ಲಿಗೆ ಓಡಿಬರುತ್ತದೆ.

ಒಂದೊಂದೇ ಸಾಲು ಇಳಿಸಿ ಏರಿಸಿದೆ.
ಸೇವಂತಿಬಾಯಿಯ ಓಣಿ: ಮುಳ್ಳು ಅಲುಗಲಿಲ್ಲ.
ಶಾಲೆ: ಇಲ್ಲ.
ಗಿರಣಿಯ ಮೇಲೆ ಅನುಮಾನವಿತ್ತು, ಸುಳ್ಳಾಯಿತು.
ಹೀರ್ಯಾ ನಾಯ್ಕನ ಸಾಲು ಇಳಿಸಿದ್ದೇ
ಎದ್ದು ಕೂತಿತು,
ತಪ್ಪು ಒಪ್ಪಿಕೊಂಡ ಹುಡುಗನ ಹಾಗೆ.

ಬಾಗಿಲು ತೆರೆದವಳು ಸುಗುಣಾ.
"ಚಂದ ಉರಿಲಿಕ್ಕತ್ತಿದ್ವಲ್ಲ ಅಕ್ಕಾ, ಯಾಕ ತೆಗದಿ?"
ಟಾರ್ಚಿನ ಬೆಳಕಿಗೆ ಸಿಕ್ಕಿತು ಹೊಸ ಮೊಳೆ.
ಹತ್ತನೆಯ ಇಯತ್ತೆ ಪಾಸಾದವಳ ಫೋಟೋ ತೂಗಲು
ಅಪ್ಪ ಹೊಡೆದದ್ದು.
ಪೈಪು ತೂರಿ ಕೆಂಪು ತಂತಿಯ ತೊಗಲು ಸುಲಿದು
ಸುಮ್ಮನೆ ನಿಂತಿತ್ತು.
ನಿನ್ನೆ ಸಾರಿಸಿದ ಗೋಡೆ ಇನ್ನೂ ಹಸಿ.

ರಬ್ಬರ್ ಕೈಗವಸು ಹಾಕಿ ಕಿತ್ತೆ.
ಅವಳ ಅಂಗೈ ಮೇಲಿಟ್ಟೆ.
"ತಣ್ಣಗದಲ್ಲಕ್ಕಾ!"
"ಹೂಂ. ಅದಕ್ಕೇ ಈಗ ಬಂದೆ."

ತಂತಿ ಬದಲಿಸುವವರೆಗೆ ಫೋಟೋ
ಜೋಳದ ಚೀಲಕ್ಕೆ ಒರಗಿ ಕೂತಿತ್ತು,
ನಮ್ಮಿಬ್ಬರನ್ನೂ ನೋಡುತ್ತ,
ಯಾವ ಮೊಳೆಯ ಹಂಗೂ ಇಲ್ಲದೆ.