ಹಾಲಿ ಸಿಕ್ಕಾ ಎಂಟಾಣೆ

ತೀನ್ ಕಂದೀಲಿನ ಹತ್ತಿರ ನನ್ನ ಜೆರಾಕ್ಸ್ ಅಂಗಡಿ.
ಶಟರು ಅರ್ಧ ಇಳಿಸಿದ ಮೇಲೆ
ಹುಡುಕುವ ಡಬ್ಬಿಯಲ್ಲಿ ಟೈಪು ಮಾಡುತ್ತೇನೆ:
ಹಂಪಮ್ಮ, ರಾಯಚೂರು.
ಯಂತ್ರಕ್ಕೆ ಕಿವಿ ಮಂದ.
ಹಂಪಿ ಬೇಕೇ, ಎನ್ನುತ್ತದೆ,
ಆನೆಲಾಯ ತೋರಿಸುತ್ತದೆ, ಬೆಳಗಿನದೊಂದು, ಸಂಜೆಯದೊಂದು.
ನನಗೆ ಬೇಕಾದದ್ದು ಆನೆಯಲ್ಲ.

ಅವ್ವ ಹೇಳುತ್ತಿದ್ದಳು: ನಿಮ್ಮ ಮುತ್ತಜ್ಜಿ
ಕುದುರಿ ಮ್ಯಾಲೆ ಕುಂತು ಕಿಲ್ಲೇದಾಗ ಬರಾಕಿ,
ತಾಲೂಕದಾರ ಸೈತ ಎದ್ದು ನಿಂದರ್ತಿದ್ದ.

ಹದಿನೇಳು ರಾತ್ರಿ.
ಹಂಪಮಾ, ಹಮ್ ಪಮ್ಮ, ಹಿಂಪಾ, ಒಮ್ಮೆ ಹಲೀಮಾ;
ಪಟ್ಟಿ ಮಾಡಿದವರ ಕೈಯಲ್ಲಿ
ಒಬ್ಬಳೇ ಎಷ್ಟು ಹೆಂಗಸರಾದಳೋ.
ಕೊನೆಗೆ ಹೈದರಾಬಾದಿನ ಒಂದು ಕಟ್ಟಿನಲ್ಲಿ ಸಿಕ್ಕಳು.
ಫಸ್ಲಿ ಸಾವಿರದ ಮುನ್ನೂರ ನಲವತ್ತೆರಡು, ತೀರ್ ಮಾಹೆ.
ತೀರ್ ಎಂದರೆ ನಮ್ಮ ಮೇ ತಿಂಗಳು.
ನೀರು ತೀರುವ ತಿಂಗಳಿಗೆ
ಬೇರೆ ಹೆಸರು ಹೊಂದುವುದೂ ಇಲ್ಲ.

ಬರಹ ಉರ್ದು. ನನಗದು
ಕಾದ ಎಣ್ಣೆಗೆ ಬಿದ್ದ ಜೀರಿಗೆ.
ಅಂದ್ರೂನ್ ಕಿಲ್ಲಾದ ಸಲೀಮಾ ಟೀಚರಿಗೆ ಕಳಿಸಿದೆ.
ಪೊರೆ ತೆಗೆಸಿಕೊಂಡ ಕಣ್ಣು, ಕಪ್ಪು ಕನ್ನಡಕ,
ಎರಡು ಬೆರಳಿಂದ ಪುಟ ಹಿಗ್ಗಿಸಿ ಹಿಗ್ಗಿಸಿ
ಶಿಕಸ್ತಾ ಅದ ಇದು, ಅಂದರು, ಮುರುದ ಅಕ್ಷರ,
ಗುಮಾಸ್ತಗ ಮನಿಗೆ ಹೋಗೂ ಗಡಿಬಿಡಿ.
ಆಮೇಲೆ ಓದಿದರು, ಅರ್ಜಿ ತಮ್ಮದೇ ಎಂಬಂತೆ:

ಫಿದ್ವಿ ಹಂಪಮ್ಮ, ಸುಣ್ಣ ಹೊರುವವಳು.
ಹುಜೂರರ ಬಂಗಲೆಯ ಹುಲ್ಲನ್ನು
ನನ್ನ ಕತ್ತೆ ಮೇಯ್ದದ್ದು ನಿಜ.
ಆದರೆ ಒಂದು ಬಾಯಿ, ಎರಡಲ್ಲ.
ಕೊಂಡವಾಡದಲ್ಲಿ ಕಟ್ಟಿ ಒಂಬತ್ತು ದಿನ.
ದಂಡ ಹಾಲಿ ಸಿಕ್ಕಾ ಎಂಟಾಣೆ.
ಕತ್ತೆ ಇಲ್ಲದೆ ಸುಣ್ಣವಿಲ್ಲ, ಸುಣ್ಣವಿಲ್ಲದೆ ಕೂಲಿಯಿಲ್ಲ,
ಕೂಲಿಯಿಲ್ಲದೆ ಎಂಟಾಣೆ ಎಲ್ಲಿಂದ ತರಲಿ?
ಸರ್ಕಾರವೇ ಹೇಳಲಿ.

ಕುದುರೆ? ಅಂದೆ.
ಗಧಾ, ಅಂದರು ಟೀಚರು.
ಇದೊಂದು ಶಬ್ದ ಮಾತ್ರ ಸಾಫ್ ಬರದಾನ ನೋಡು.

ಕೆಳಗೆ ಹೆಬ್ಬೆಟ್ಟು. ಗೆರೆಯಿಲ್ಲ, ಸುಳಿಯಿಲ್ಲ,
ಸುಣ್ಣ ತಿಂದು ಉಳಿಸಿದ ನುಣ್ಣನೆ ಕಪ್ಪು.
ಅವ್ವನದೂ ಹಾಗೇ. ರೇಷನ್ ಅಂಗಡಿಯ ಯಂತ್ರ
ಮೂರು ಸಲ ಒತ್ತಿಸಿಕೊಂಡು ಇವಳಲ್ಲ ಎನ್ನುತ್ತದೆ.
ಪುಟದ ಅಂಚಿನಲ್ಲಿ ಇನ್ನೊಂದು ಹೆಬ್ಬೆರಳು,
ಸ್ಕ್ಯಾನು ಮಾಡಿದವನದು, ನೀಲಿ ರಬ್ಬರಿನ ಟೊಪ್ಪಿಗೆ ತೊಟ್ಟು
ಕಾಗದ ಹಾರದಂತೆ ಹಿಡಿದು, ಹಾಗೇ
ಚಿತ್ರದೊಳಗೆ ಉಳಿದುಹೋದದ್ದು.
ದಿನಕ್ಕೆ ಇಷ್ಟು ಪುಟ ಎಂದು ಲೆಕ್ಕವಿರಬೇಕು ಪಾಪ,
ನಲವತ್ತೊಂದರ ಮೇಲೆ ನಲವತ್ತಮೂರು ತಿರುವಿದ್ದಾನೆ.
ನಲವತ್ತಮೂರು ಬೇರೆಯೇ ಮಾತು:
ಮಾನ್ವಿಯ ಚಾವಡಿಗೆ ಹೆಂಚು.

ಹುಕುಂ ಏನಾಯಿತೋ ಗೊತ್ತಿಲ್ಲ.

ಒಂದು ಪ್ರತಿ ತೆಗೆದು, ಬಿಸಿ ಆರುವ ಮೊದಲೇ ಮನೆಗೊಯ್ದೆ.
ಅವ್ವ ಜೋಳ ಹಸನು ಮಾಡುತ್ತಿದ್ದಳು.
ಕುದುರಿ ಅಲ್ಲಂತವ್ವ, ಅಂದೆ ಮೆಲ್ಲಗೆ, ಕತ್ತಿ.
ಮೊರ ನಿಂತಿತು.
ಆ ಕಪ್ಪಿನ ಮೇಲೆ ಬೆರಳಿಟ್ಟು
ಬಿಟ್ಟುಕೊಟ್ರೇನು ಮತ್ತ ಅದನ್ನ? ಅಂದಳು.
ಆ ಪುಟ ಇಲ್ಲ.
ಹುಡುಕು, ಅಂದಳು.
ಒಂಬತ್ತು ದಿನ ನೀರು ಕುಡಿಸಿದ್ರೋ ಇಲ್ಲೋ,
ಅದೂ ನೋಡು.