ದೊರೀನ

ಹೊಸನಗರ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ
ಮೂವತ್ತೊಂದು ವರ್ಷ ರುಮಾಲು ಬಿಚ್ಚಿ ಕಟ್ಟಿದವನು ನಾನು.
ಪಹಣಿ ಕೇಳಿ ಬಂದವರುಂಟು, ಹಳೆ ನಕ್ಷೆಗೆ ಜಗಳವಾಡಿದವರುಂಟು;
ಆಕಾಶದಿಂದ ಬಿದ್ದವರನ್ನು ಕೇಳಿ ಬಂದದ್ದು
ಇದೊಂದೇ ಕಾಗದ.

ಇಂಗ್ಲೆಂಡಿನ ಯಾವುದೋ ಊರು.
ನಲವತ್ತನಾಲ್ಕರ ಮಾರ್ಚಿ, ಬಾಂಬರ್ ವಿಮಾನ, ಎಂಟು ಹೆಸರು.
ಎಂಟನೆಯವನು ಬಾಲದ ಗನ್ನರ್, ವಯಸ್ಸು ಹತ್ತೊಂಬತ್ತು.
‘ನಮ್ಮಜ್ಜಿಯ ತಮ್ಮ. ಎಲ್ಲಿ ಮಣ್ಣಾದನೋ ತಿಳಿಯದು.’

ಕಡತ ಸಿಕ್ಕಿತು, ಇಲಿ ತಿಂದು ಉಳಿದಷ್ಟು.
ಬಿಳಿಗಲ್ಲು ಗುಡ್ಡದ ನೆತ್ತಿಯಲ್ಲಿ ವಿಮಾನ ಸುಟ್ಟ ಬಾಬ್ತು:
ಹೆಣ ಏಳು. ಗಡಿಯಾರ ಎರಡು. ಬೂಟು ಒಂಟಿ.
ಬೆಂದ ಹುಲ್ಲುಗಾವಲು ಒಂಬತ್ತೆಕರೆ,
ಸರ್ಕಾರಕ್ಕಾದ ನಷ್ಟ ಹದಿನಾಲ್ಕು ರೂಪಾಯಿ.
ಮಿಲಿಟರಿ ಲಾರಿ ಒಯ್ದದ್ದೂ ಏಳೇ.
ಹೇಗೆ ಕೂಡಿದರೂ ಎಂಟಾಗಲಿಲ್ಲ.

ಬಸ್ಸಿಳಿದು ಆರು ಮೈಲಿ, ಗುಡ್ಡದ ಬುಡದ ಹಸಲರ ಕೇರಿ.
ತಿಮ್ಮಿ ಅಂಗಳದಲ್ಲಿ ಸೀಗೆಕಾಯಿ ಹರವಿದ್ದಳು
ರಿವೆಟ್ಟಿನ ಸಾಲಿದ್ದ ಅಲ್ಯೂಮಿನಿಯಂ ತಗಡಿನ ಮೇಲೆ.
ಎಂಬತ್ತು ವರ್ಷವಾದರೂ ತುಕ್ಕಿಲ್ಲ ಅದಕ್ಕೆ.

‘ಒಬ್ಬ ಬದುಕಿದ್ದ’ ಅಂದಳು,
ನಾನಿನ್ನೂ ಚೀಲ ಕೆಳಗಿಟ್ಟಿರಲಿಲ್ಲ.
‘ಅತ್ತಿಮರಕ್ಕೆ ನೇತಾಕ್ಕಂಡಿದ್ದ, ಅಷ್ಟುದ್ದ ಬಿಳಿ ಬಟ್ಟೆ.
ಅಪ್ಪ ಇಳಿಸ್ಕಂಡು ಬಂದ. ಸೊಂಟದಿಂದ ಕೆಳಗೆ ಜೀವ ಇರ್ಲಿಲ್ಲ.
ನಂಗಾಗ ಹತ್ತು. ಗಂಜಿತಿಳಿ ಕುಡಿಸ್ತಿದ್ದೋಳು ನಾನೇ.
ಹಗ್ಲೂ ರಾತ್ರಿ ಒಂದೇ ಮಾತು: ದೊರೀನ, ದೊರೀನ.
ದೊರೀನ ಕರೀರಿ ಅಂತವ್ನೆ ಅಂದ್ಕಂಡ್ವಿ.
ಈ ಕಾಡಲ್ಲಿ ದೊರೆ ಎಲ್ಲಿಂದ ತರಾದು?
ಅಪ್ಪ ನಗರಕ್ಕೋಡ್ದ, ಅಲ್ಲಿಂದ ತೀರ್ಥಳ್ಳಿಗೋಡ್ದ.
ಟೋಪಿಯೋರು ಬಂದಿದ್ದು ನಾಕನೇ ದಿನ.
ಅಷ್ಟ್ರಲ್ಲಿ ನಾವೇ ಮಣ್ಣು ಮಾಡಿದ್ವಿ.
ದೊರೆ ಜಾತಿಯೋನ್ನ ಮುಟ್ಟಿದ್ದು ತಪ್ಪೋ ಏನೋ,
ಕೇರಿಲಿ ಯಾರೂ ಬಾಯಿ ಬಿಡ್ಲಿಲ್ಲ.’

ಕಾಗದ ಮತ್ತೆ ಬಿಚ್ಚಿದೆ.
ಕೆಳಗೆ, ನಾನು ಲೆಕ್ಕಕ್ಕಿಡದ ಒಂದು ಸಾಲು:
ಅಜ್ಜಿ ಹೋದ ವರ್ಷ ತೀರಿಕೊಂಡರು. ಹೆಸರು ಡೊರೀನ್.

ಓದಿ ಹೇಳಿದೆ: ದೊರೆಯಲ್ಲವಂತೆ ತಿಮ್ಮಮ್ಮ,
ಅವನ ಅಕ್ಕ.

ಹೇಂಟೆಯೊಂದು ತಗಡು ಹತ್ತಿತು, ಉಗುರು ಕರಕರ.
ಸೀಗೆಕಾಯಿ ಕೆದರಿತು. ಅವಳು ಓಡಿಸಲಿಲ್ಲ.

‘ಅಕ್ಕನಾ?’

ಆಮೇಲೆ, ಎಷ್ಟೋ ಹೊತ್ತಾದ ಮೇಲೆ,
ನನಗಲ್ಲ, ಅತ್ತಿಮರದ ದಿಕ್ಕಿಗೆ:

‘ಹಂಗಾರೆ ನಾನೇ ಓ ಅನ್ಬೋದಿತ್ತು.’